ಉಪ್ಪುನೀರು ಬೇಡ, ಮೊದಲು ಗಾಡಿ ತೆಗೀರಿ: ಎಣ್ಣಿ (ಬೆಳೆಗೆ ಹೊಡೆಯುವ ಕೀಟನಾಶಕ) ಕುಡಿದವರಿಗೆ, ಸುಟ್ಟುಕೊಂಡವರಿಗೆ, ಕೊಯ್ದುಕೊಂಡವರಿಗೆ ಏನು ಮಾಡಬೇಕು

ಮೊದಲು ನಂಬರುಗಳು. 108ಕ್ಕೆ ಫೋನ್ ಮಾಡಿ. ಸಿಗದಿದ್ದರೆ 112. ವಿಷದ ವಿಷಯವಾದರೆ ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ್ದು 1800 116 117. ಇದನ್ನು ಓದುತ್ತಿರುವ ನಿಮಗೇ ಜೀವ ಬೇಡ ಅನ್ನಿಸುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ 14416ಕ್ಕೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕಟ್ ಆಗುವುದಿಲ್ಲ.

ಈಗ ವಿಷಯಕ್ಕೆ ಬರೋಣ: ಸಾಯಲು ಹೋದವರನ್ನು ಉಳಿಸಿಕೊಳ್ಳಲು ಮನೆಯವರು, ಓಣಿಯವರು ಏನು ಮಾಡಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡೆ ತೊಗರಿ, ಹತ್ತಿ ಬೆಳೆಯುವ ಊರುಗಳಲ್ಲಿ ಹೊಲಕ್ಕೆ ಹೊಡೆದು ಉಳಿದ ಎಣ್ಣಿ ಬಾಟಲಿ ಮನೆಯ ಯಾವುದಾದರೂ ಮೂಲೆಯಲ್ಲಿ ಇದ್ದೇ ಇರುತ್ತದೆ. ಯಾರಾದರೂ ಅದನ್ನು ಕುಡಿದರು ಅನ್ನಿ. ಐದು ನಿಮಿಷದಲ್ಲಿ ಓಣಿ ತುಂಬಾ ಮಂದಿ. "ಉಪ್ಪಿನ ನೀರು ಕುಡಸ್ರಿ ಲಗೂನ" ಅಂತ ಒಬ್ಬ ಕಾಕಾ, "ಹುಣಸಿ ಹುಳಿ ತರ್ರಿ" ಅಂತ ಒಬ್ಬ ಅಮ್ಮ, ಗಂಟಲಿಗೆ ಬೆರಳು ಹಾಕೋದಕ್ಕೆ ಇನ್ನೊಬ್ಬ ತಯಾರು. ಇವರು ದಡ್ಡರಲ್ಲ. ಇವರು ಹೇಳುವ ಮದ್ದಿನಲ್ಲಿ ಮುಕ್ಕಾಲು ಪಾಲು ಒಂದು ಕಾಲಕ್ಕೆ ದೊಡ್ಡ ವೈದ್ಯರೇ ಮಾಡುತ್ತಿದ್ದ ಚಿಕಿತ್ಸೆ. ಅವರು ಮಾಡಿ ನೋಡಿದರು, ಜೀವ ಉಳಿಯುವುದಕ್ಕಿಂತ ಹಾನಿಯೇ ಜಾಸ್ತಿ ಅಂತ ಕಂಡಿತು, ಬಿಟ್ಟರು. ಬಿಟ್ಟ ಸುದ್ದಿ ಮಾತ್ರ ನಮ್ಮ ಓಣಿಗೆ ಬರಲೇ ಇಲ್ಲ. ಸುಮ್ನೆ "ಮಾಡಬೇಡಿ" ಅಂದರೆ ಹಿರಿಯರು ಕೇಳುವುದಿಲ್ಲ, "ಡಾಕ್ಟರೇ ಇದನ್ನ ಮಾಡ್ತಿದ್ದರು, ಹಿಂಗಾಗಿ ಬಿಟ್ಟರು" ಅಂದರೆ ಕೇಳುತ್ತಾರೆ. ಅದಕ್ಕೇ ಇಲ್ಲಿ ಹಳೇ ಕತೆಯನ್ನೂ ಜೊತೆಗೇ ಹೇಳುತ್ತೇನೆ.

ಎಣ್ಣಿ ಕುಡಿದಿದ್ದರೆ

ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆ ನೀರು, ಸಾಬೂನು ನೀರು, ಹಾಲು, ಮೊಟ್ಟೆ, ಎಣ್ಣೆ, ನಿಂಬೆಹಣ್ಣು ಯಾವುದೂ ಬೇಡ. ಬಾಯಿಗೆ ಏನೂ ಹಾಕಬೇಡಿ.

ವಾಂತಿ ಮಾಡಿಸುವುದು ಬಹಳ ಹಳೇ ಪದ್ಧತಿ. ಚರಕ ಸಂಹಿತೆಯಲ್ಲಿ ವಿಷಕ್ಕೆ 24 ಉಪಾಯ ಹೇಳಿದ್ದಾರೆ, ಮಂತ್ರದಿಂದ ಶುರುವಾಗಿ, ಕಟ್ಟು ಕಟ್ಟುವುದು, ರಕ್ತ ತೆಗೆಯುವುದು, ವಾಂತಿ, ಭೇದಿ ಹೀಗೆ. ಯುರೋಪಿನಲ್ಲೂ ಅದೇ. ಅಮೆರಿಕದಲ್ಲಂತೂ ಇಪಿಕಾಕ್ ಅನ್ನುವ ವಾಂತಿ ಸಿರಪ್ಪನ್ನು ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಡಾಕ್ಟರೇ ಹೇಳುತ್ತಿದ್ದರು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಅದನ್ನು ಮನೆಯಲ್ಲಿ ಬಳಸಬೇಡಿ ಅಂದಿತು. ವಾಂತಿಯಲ್ಲಿ ವಿಷ ಪೂರ್ತಿ ಹೊರಗೆ ಬರುವುದಿಲ್ಲ ಅನ್ನುವುದು ಒಂದು ಕಾರಣ. ಅರೆಪ್ರಜ್ಞೆಯಲ್ಲಿ ಇರುವವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಅನ್ನುವುದು ಇನ್ನೊಂದು. ಹೊಲದ ಎಣ್ಣಿಗಳಲ್ಲಿ ಬಹಳಷ್ಟರಲ್ಲಿ ಸೀಮೆಎಣ್ಣೆಯಂಥ ದ್ರಾವಕ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಹೊಟ್ಟೆಯ ಚಿಂತೆ ಬಿಟ್ಟು ಉಸಿರಿನ ಚಿಂತೆ ಶುರುವಾಗುತ್ತದೆ. ಉಪ್ಪುನೀರಿನದು ಬೇರೆಯೇ ಅಪಾಯ. ಚೊಂಬುಗಟ್ಟಲೆ ಕುಡಿಸಿದಾಗ ರಕ್ತದಲ್ಲಿ ಸೋಡಿಯಂ ಏರಿ ಮೆದುಳಿಗೆ ಏಟು ಬೀಳುತ್ತದೆ. ವಿಷದಿಂದ ಉಳಿಯಬಹುದಾಗಿದ್ದವರು ಉಪ್ಪಿನಿಂದ ಸತ್ತಿರುವುದೂ ಉಂಟು.

ವಿಷ ಹೀರುವ ಕಲ್ಲು, ಮಣಿ ಅಂತ ಯಾರಾದರೂ ಹೇಳಿದರೆ ಅವರಿಗೆ ಈ ಕತೆ ಹೇಳಿ. 1567ರಲ್ಲಿ ಫ್ರಾನ್ಸಿನ ರಾಜ ಒಂಬತ್ತನೇ ಚಾರ್ಲ್ಸ್‌ನಿಗೆ ಯಾರೋ ಒಂದು ಬೆಝೋರ್ ಕಲ್ಲು ತಂದುಕೊಟ್ಟರು, ಎಲ್ಲಾ ವಿಷಕ್ಕೂ ಇದೇ ಮದ್ದು ಅಂತ. ಆಡಿನಂಥ ಪ್ರಾಣಿಯ ಹೊಟ್ಟೆಯಲ್ಲಿ ಸಿಗುವ ಗಟ್ಟಿ ಉಂಡೆ ಅದು. ಎಲ್ಲಾ ವಿಷಕ್ಕೂ ಒಂದೇ ಮದ್ದು ಇರಲಾರದು ಅಂದವನು ರಾಜನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ. ಬೆಳ್ಳಿ ತಟ್ಟೆ ಕದ್ದು ಗಲ್ಲು ಶಿಕ್ಷೆಯಾಗಿದ್ದ ಅಡುಗೆಯವನೊಬ್ಬ, ಉಳಿದರೆ ಬಿಡುಗಡೆ ಅನ್ನುವ ಮಾತಿಗೆ ಒಪ್ಪಿ ವಿಷವನ್ನೂ ಕಲ್ಲನ್ನೂ ತೆಗೆದುಕೊಂಡ. ಏಳು ತಾಸು ನರಳಿ ಸತ್ತ. ಕ್ರೂರ ಪರೀಕ್ಷೆ, ಈಗ ಯಾರೂ ಒಪ್ಪುವಂಥದ್ದಲ್ಲ. ಆದರೆ ಕಲ್ಲಿನ ತೀರ್ಪು ಅವತ್ತೇ ಆಗಿಹೋಯಿತು.

ಹಾಗಾದರೆ ಮಾಡುವುದೇನು? ಗಾಳಿ ಇರುವ ಕಡೆ ಕರೆತನ್ನಿ. ಸುತ್ತಲಿನ ಮಂದಿಯನ್ನು ಸರಿಸಿ. ಎಣ್ಣಿ ಬಿದ್ದ ಬಟ್ಟೆ ಬಿಚ್ಚಿ, ಮೈಯನ್ನು ಸಾಬೂನು ಹಚ್ಚಿ ತೊಳೆಯಿರಿ, ಯಾಕೆಂದರೆ ಕೆಲವು ಎಣ್ಣಿಗಳು ಚರ್ಮದಿಂದಲೂ ಒಳಗೆ ಹೋಗುತ್ತಲೇ ಇರುತ್ತವೆ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವಾದರೂ ಕಟ್ಟಿಕೊಳ್ಳಿ. ಎಚ್ಚರ ತಪ್ಪುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ, ಬಾಯಿ ಸ್ವಲ್ಪ ಕೆಳಗೆ ವಾಲಿರಲಿ, ತಾನಾಗಿ ವಾಂತಿ ಬಂದರೆ ಹೊರಗೆ ಹರಿಯಲಿ. ಆ ಬಾಟಲಿ ಅಥವಾ ಡಬ್ಬಿಯನ್ನು ಲೇಬಲ್ ಸಮೇತ ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಇದೊಂದು ಮರೆಯಬೇಡಿ. ಲೇಬಲ್‌ನಲ್ಲಿ ಔಷಧದ ರಾಸಾಯನಿಕ ಹೆಸರು ಇರುತ್ತದೆ, ಡಾಕ್ಟರಿಗೆ ಅದು ಗೊತ್ತಾದರೆ ಅರ್ಧ ಕೆಲಸ ಹಗುರ. ಬಾಟಲಿ ಸಿಗದಿದ್ದರೆ ಕೊಂಡ ಅಂಗಡಿಯವನಿಗೆ ಫೋನ್ ಹಚ್ಚಿ ಕೇಳಿ.

108 ಬರುವುದು ತಡ ಅನ್ನಿಸಿದರೆ ಕಾಯುತ್ತಾ ಕೂರಬೇಡಿ. ಓಣಿಯಲ್ಲಿ ಕ್ರೂಸರ್ ಇರಲಿ, ಟಮ್‌ಟಮ್ ಇರಲಿ, ಹೊರಡಿ, ದಾರಿಯಲ್ಲಿ ಆಂಬುಲೆನ್ಸ್ ಎದುರಾದರೆ ಅದರಲ್ಲಿ ಹಾಕಿ. ಊರಿನ ಸಣ್ಣ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಎರಡು ತಾಸು ಕಳೆಯುವುದಕ್ಕಿಂತ ನೇರ ತಾಲೂಕು ಆಸ್ಪತ್ರೆಗೆ ಹೋಗಿ. ಉಸಿರು ಕೆಟ್ಟಿದ್ದರೆ ವೆಂಟಿಲೇಟರ್ ಇರುವ ಕಡೆ ಹೋಗಬೇಕಾಗುತ್ತದೆ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಆದರೆ ದೊಡ್ಡಾಸ್ಪತ್ರೆ ದೂರವಿದ್ದರೆ ದಾರಿಯಲ್ಲಿ ಸಿಗುವ ತಾಲೂಕು ಆಸ್ಪತ್ರೆಯನ್ನು ದಾಟಿ ಹೋಗಬೇಡಿ. ಮೊದಲ ಇಂಜೆಕ್ಷನ್ ಅಲ್ಲೇ ಬೀಳಲಿ, ಮುಂದಕ್ಕೆ ಅವರೇ ಕಳಿಸುತ್ತಾರೆ.

"ಹೊಟ್ಟಿ ಯಾಕ ತೊಳಿಲಿಲ್ರಿ?"

ಆಸ್ಪತ್ರೆಯಲ್ಲಿ ಡಾಕ್ಟರಿಗೂ ಮನೆಯವರಿಗೂ ಜಗಳ ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ. ಹೊಟ್ಟೆ ತೊಳೆಯದಿದ್ದರೆ ಚಿಕಿತ್ಸೆಯೇ ಆಗಿಲ್ಲ ಅಂತ ನಮ್ಮ ಜನ ನಂಬಿದ್ದಾರೆ. ನಂಬಿಕೆಗೆ ಕಾರಣವೂ ಇದೆ. 1812ರಲ್ಲಿ ಅಮೆರಿಕದ ಫಿಲಿಪ್ ಸಿಂಗ್ ಫಿಸಿಕ್ ಅನ್ನುವ ಸರ್ಜನ್ ಅಫೀಮಿನ ಔಷಧ ಜಾಸ್ತಿಯಾಗಿದ್ದ ಅವಳಿ ಮಕ್ಕಳಿಗೆ ನಳಿಗೆ ಇಳಿಸಿ ಹೊಟ್ಟೆ ತೊಳೆದ. ಅಲ್ಲಿಂದ ಮುಂದೆ ನೂರೈವತ್ತು ವರ್ಷಕ್ಕೂ ಮೇಲೆ ವಿಷ ಕುಡಿದವರು ಬಂದರೆ ಮೊದಲ ಕೆಲಸವೇ ಅದು. ಕೆಲವು ಕಡೆ ಅದನ್ನು ಶಿಕ್ಷೆ ಕೊಡುವ ಹಾಗೆ ಮಾಡುತ್ತಿದ್ದರು, ದಪ್ಪ ನಳಿಗೆ, ನಾಲ್ಕು ಮಂದಿ ಹಿಡಿದುಕೊಂಡು, "ಇನ್ನೊಮ್ಮೆ ಕುಡೀತಿಯೇನು" ಅಂತ ಬೈಯುತ್ತಾ. 1997ರಲ್ಲಿ ಅಮೆರಿಕ ಮತ್ತು ಯುರೋಪಿನ ವಿಷವೈದ್ಯರ ಸಂಘಗಳು ಕೂಡಿ ಹೇಳಿದ್ದು: ಬಂದವರಿಗೆಲ್ಲಾ ಹೊಟ್ಟೆ ತೊಳೆಯಬೇಡಿ, ಲಾಭ ಕಾಣುವುದಿಲ್ಲ, ನೀರು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಈಗ ಬೇಗ ಬಂದವರಿಗೆ, ಉಸಿರಿನ ದಾರಿ ಭದ್ರ ಮಾಡಿಕೊಂಡು, ಡಾಕ್ಟರಿಗೆ ಬೇಕು ಅನ್ನಿಸಿದರೆ ಮಾತ್ರ ಮಾಡುತ್ತಾರೆ.

ವಿಷ ಹೀರಲಿ ಅಂತ ಆಸ್ಪತ್ರೆಯಲ್ಲಿ ಕುಡಿಸುವ ಇದ್ದಿಲಿನ ಪುಡಿಯ ಕತೆಯೂ ಹಾಗೇ. ಕೆಲವು ವಿಷಗಳಿಗೆ ಬೇಗ ಕೊಟ್ಟರೆ ಉಪಯೋಗ ಇದೆ. ಆದರೆ ಶ್ರೀಲಂಕಾದಲ್ಲಿ 4,632 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇದ್ದಿಲು ಕೊಟ್ಟವರಿಗೂ ಕೊಡದವರಿಗೂ ಸಾವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಮನೆಯ ಒಲೆಯ ಇದ್ದಿಲು ಅರೆದು ಕುಡಿಸುವವರು ಇದ್ದಾರೆ, ಅದಂತೂ ಬೇಡವೇ ಬೇಡ.

ನೀವು ಕೇಳಬೇಕಾದ ಪ್ರಶ್ನೆ ಬೇರೆ. "ಉಸಿರು ಹೆಂಗದರಿ? ಇಂಜೆಕ್ಷನ್ ಶುರು ಮಾಡಿರಾ? ಐಸಿಯು ಬೇಕಾಗತದೇನ್ರಿ?" ಇಷ್ಟು ಕೇಳಿ. ಕೆಲವು ಬಗೆಯ ಎಣ್ಣಿಗೆ ಅಟ್ರೋಪಿನ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. 1830ರ ದಶಕದಲ್ಲೇ ಗಿಡದಿಂದ ಬೇರ್ಪಡಿಸಿದ ಹಳೇ ಔಷಧ ಇದು, ಇವತ್ತಿಗೂ ಇದರ ಜಾಗಕ್ಕೆ ಬೇರೆ ಬಂದಿಲ್ಲ. ಎದೆಯಲ್ಲಿ ತುಂಬಿದ ನೀರು ಇಳಿಯುವವರೆಗೆ ಡೋಸ್ ಏರಿಸುತ್ತಾ ಹೋಗುತ್ತಾರೆ. ಆಗ ರೋಗಿ ಬಡಬಡಿಸಬಹುದು, ಸಲಾಯಿನ್ ಕಿತ್ತುಕೊಳ್ಳಲು ಹೋಗಬಹುದು, ಇಲ್ಲದ್ದು ಕಂಡ ಹಾಗೆ ಮಾತಾಡಬಹುದು. ತಲೆ ಕೆಟ್ಟಿತು, ಗಾಳಿ ಹಿಡಿಯಿತು ಅಂತ ತಿಳಿದು ಬಿಡಿಸಿಕೊಂಡು ಹೋಗಬೇಡಿ. ಔಷಧದ ಪರಿಣಾಮ ಅದು, ಇಳಿಯುತ್ತದೆ. ನರ್ಸಿಗೆ ಹೇಳಿ.

ಇನ್ನೊಂದು ಮಾತು, ಬಹಳ ಮಂದಿಗೆ ಗೊತ್ತಿಲ್ಲದ್ದು. ಎರಡನೇ ದಿನ ಎದ್ದು ಕೂತು ಚಹಾ ಕೇಳಿದ ಅಂತ ಸಹಿ ಹಾಕಿ ಮನೆಗೆ ಕರೆದುಕೊಂಡು ಬಂದುಬಿಡುತ್ತಾರೆ, ದುಡ್ಡಿನ ತ್ರಾಸೂ ಇರುತ್ತದೆ. ಆದರೆ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾಗದಂತೆ ಸೋತು, ಉಸಿರಾಡುವ ಸ್ನಾಯುಗಳೇ ಕೈಕೊಡುವ ಒಂದು ಸ್ಥಿತಿ ಬರಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಗುರುತಿಸಿ ಬರೆದರು. ಅಷ್ಟರವರೆಗೆ ಚೆನ್ನಾಗಿದ್ದವರು ಯಾಕೆ ಥಟ್ಟನೆ ಸಾಯುತ್ತಾರೆ ಅನ್ನುವುದೇ ತಿಳಿದಿರಲಿಲ್ಲ. ಡಾಕ್ಟರು ಬಿಡುವವರೆಗೆ ಇರಿ. ಮಲಗಿದಲ್ಲಿಂದ ತಲೆ ಎತ್ತಲು ಆಗುತ್ತಿಲ್ಲ ಅಂದರೆ ಆ ಕ್ಷಣವೇ ಕೂಗಿ.

ಸುಟ್ಟುಕೊಂಡಿದ್ದರೆ

ಬೆಂಕಿ ಇನ್ನೂ ಇದ್ದರೆ ನೆಲಕ್ಕೆ ಉರುಳಿಸಿ, ದಪ್ಪ ಕಂಬಳಿ ಅಥವಾ ಕೌದಿ ಹೊದಿಸಿ ಆರಿಸಿ. ಆಮೇಲೆ ನೀರು. ನಲ್ಲಿಯದೋ ಟಾಕಿಯದೋ ಮಾಮೂಲಿ ನೀರು, ಇಪ್ಪತ್ತು ನಿಮಿಷ. ಬರ್ಫ ಬೇಡ. ಸುಟ್ಟ ಜಾಗ ದೊಡ್ಡದಿದ್ದರೆ ಉಳಿದ ಮೈ ತಣ್ಣಗಾಗದ ಹಾಗೆ ಹೊದಿಸಿ, ನೀರು ಹಾಕುತ್ತಾ ಕೂತು ಗಾಡಿ ತಡ ಮಾಡಬೇಡಿ. ಬಳೆ, ಉಂಗುರ, ಕಾಲುಂಗುರ, ಉಡುದಾರ ತೆಗೆಯಿರಿ, ಬಾವು ಬಂದ ಮೇಲೆ ಬರುವುದಿಲ್ಲ. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬೇಡಿ. ಒಗೆದ ಧೋತರ ಅಥವಾ ಹತ್ತಿ ಸೀರೆ ಹೊದಿಸಿಕೊಂಡು ನಡೆಯಿರಿ.

ಟೂತ್‌ಪೇಸ್ಟ್, ಶಾಯಿ, ಸಗಣಿ, ಇಡ್ಲಿ ಹಿಟ್ಟು, ಮೊಟ್ಟೆ ಬೇಡ. ಮೇಲೆ ಏನಾದರೂ ಪದರ ಕಟ್ಟಬೇಕು ಅನ್ನುವುದು ನಮ್ಮೊಬ್ಬರ ಆಲೋಚನೆ ಅಲ್ಲ. 1925ರಲ್ಲಿ ಡೆಟ್ರಾಯಿಟಿನ ಎಡ್ವರ್ಡ್ ಡೇವಿಡ್‌ಸನ್ ಸುಟ್ಟ ಗಾಯಕ್ಕೆ ಟ್ಯಾನಿಕ್ ಆಮ್ಲ ಸಿಂಪಡಿಸಲು ಶುರು ಮಾಡಿದ. ಚರ್ಮ ಹದ ಮಾಡುವ ಪದಾರ್ಥ ಅದು, ಗಾಯದ ಮೇಲೆ ತೊಗಲಿನಂಥ ಹೊದಿಕೆ ಕಟ್ಟುತ್ತದೆ, ನೋಡಲು ಗಾಯ ಒಣಗಿದ ಹಾಗೆ. ಎರಡನೇ ಮಹಾಯುದ್ಧದ ತನಕ ಎಲ್ಲಾ ಕಡೆ ಅದೇ. ಆಮೇಲೆ ಲಿವರ್ ಕೆಡುತ್ತದೆ ಅಂತ ತಿಳಿದು ಕೈಬಿಟ್ಟರು.

ಸುಟ್ಟವರನ್ನು ಮೊದಲ ದಿನ ಕೊಲ್ಲುವುದು ಬಹುಪಾಲು ಮೈಯ ನೀರು ಸೋರಿ ಹೋಗುವುದು. ಗಾಯದ ಸೋಂಕಿನ ಸರದಿ ಆಮೇಲೆ. ಇದು ಅರ್ಥವಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. 1968ರಲ್ಲಿ ಅಮೆರಿಕದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಲೆಕ್ಕ ಬಂತು: ತೂಕದ ಕಿಲೋ, ಸುಟ್ಟ ಮೈಯ ಶೇಕಡಾ, ಎರಡನ್ನೂ ಗುಣಿಸಿ ಮತ್ತೆ ನಾಲ್ಕರಿಂದ ಗುಣಿಸಿದರೆ ಅಷ್ಟು ಮಿಲಿಲೀಟರ್ ಸಲಾಯಿನ್ ಮೊದಲ 24 ತಾಸಿಗೆ. 50 ಕಿಲೋ ತೂಕದವರಿಗೆ ಶೇಕಡಾ 30 ಸುಟ್ಟಿದ್ದರೆ 6 ಲೀಟರ್. ಅದರಲ್ಲಿ ಅರ್ಧ, ಅಂದರೆ 3 ಲೀಟರ್, ಮೊದಲ 8 ತಾಸಿನಲ್ಲೇ ಹೋಗಬೇಕು. ಈ 8 ತಾಸು ಶುರುವಾಗುವುದು ಸುಟ್ಟ ಗಳಿಗೆಯಿಂದ, ಆಸ್ಪತ್ರೆ ಬಾಗಿಲು ದಾಟಿದಾಗಿನಿಂದ ಅಲ್ಲ. ಚಿಂಚೋಳಿಯ ಆಚೆ ತಾಂಡಾದಿಂದ ಕಲಬುರಗಿ ಮುಟ್ಟುವಷ್ಟರಲ್ಲಿ ಎಷ್ಟು ಹೊತ್ತು ಹೋಗಿರುತ್ತದೆ ನೀವೇ ಲೆಕ್ಕ ಹಾಕಿ. ಎಷ್ಟು ಗಂಟೆಗೆ ಆಯಿತು ಅಂತ ಒಬ್ಬರು ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಮುಖ ಸುಟ್ಟಿದ್ದರೆ, ಧ್ವನಿ ಗೊಗ್ಗರಾಗಿದ್ದರೆ, ಮೂಗಿನ ಕೂದಲು ಕರಕಲಾಗಿದ್ದರೆ ಅದನ್ನೂ ಹೇಳಿ, ಒಳಗೆ ಗಂಟಲು ಬಾತು ಉಸಿರು ಕಟ್ಟಬಹುದು.

ಸೊಸೆ ಸುಟ್ಟುಕೊಂಡಳು ಅಂತ ಮನೆಯವರು ಹೇಳಿದ್ದೆಲ್ಲಾ ಹಾಗೇ ಇರಬೇಕಾಗಿಲ್ಲ, ಅಲ್ವಾ? ಡಾಕ್ಟರು, ಪೊಲೀಸರು ಅವಳನ್ನು ಒಬ್ಬಳನ್ನೇ ಕೇಳುತ್ತಾರೆ. ಕೇಳಲಿ. ಏನು ಹೇಳಬೇಕು ಅಂತ ಪಕ್ಕದಲ್ಲಿ ನಿಂತು ಕಲಿಸಬೇಡಿ.

ಕೊಯ್ದುಕೊಂಡಿದ್ದರೆ

ಒತ್ತಿ ಹಿಡಿಯಿರಿ. ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಶುದ್ಧ ಬಟ್ಟೆ ಮಡಚಿ ರಕ್ತ ಬರುವ ಜಾಗದ ಮೇಲಿಟ್ಟು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ, ನಡುನಡುವೆ ಎತ್ತಿ ನೋಡಬೇಡಿ. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಡಿ. ಚುಚ್ಚಿಕೊಂಡ ವಸ್ತು ಒಳಗೇ ಇದ್ದರೆ ಕೀಳಬೇಡಿ. ಕೈಯದೋ ಕಾಲಿನದೋ ರಕ್ತ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಮಾತ್ರ ಗಾಯದ ಮೇಲ್ಗಡೆ ಅಗಲ ಬಟ್ಟೆಯಿಂದ ಬಿಗಿದು ಕಟ್ಟಿ, ಕಟ್ಟಿದ ಗಂಟೆ ಬರೆದಿಡಿ. ಕುತ್ತಿಗೆಗೆ ಸುತ್ತ ಪಟ್ಟಿ ಬಿಗಿಯಬೇಡಿ, ಗಾಯದ ಮೇಲಷ್ಟೇ ಕೈಯಿಂದ ಒತ್ತಿ.

ಅರಿಶಿನ, ಕಾಫಿ ಪುಡಿ, ಸುಣ್ಣ ತುಂಬಬೇಡಿ, ಹೊಲಿಗೆ ಹಾಕುವವರು ಅದನ್ನೆಲ್ಲಾ ಕೆರೆದು ತೆಗೆಯಬೇಕಾಗುತ್ತದೆ. ಹಿಂದೆ ಇದಕ್ಕಿಂತ ಘೋರ ಇತ್ತು. ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಹೊಯ್ಯುತ್ತಿದ್ದ ಕಾಲದಲ್ಲಿ, 1537ರ ಯುದ್ಧದಲ್ಲಿ ಅದೇ ಪಾರೆಗೆ ಎಣ್ಣೆ ಸಾಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ರಾತ್ರಿ ನಿದ್ದೆ ಬರಲಿಲ್ಲ ಅವನಿಗೆ. ಬೆಳಿಗ್ಗೆ ನೋಡಿದರೆ ಎಣ್ಣೆ ಸುರಿಸಿಕೊಂಡವರೇ ಜ್ವರದಲ್ಲಿ ನರಳುತ್ತಿದ್ದರು, ಉಳಿದವರು ಆರಾಮ. ನಮ್ಮ ಸುಶ್ರುತ ಸಂಹಿತೆಯ ಕಡೆ ನೋಡಿದರೆ ಆಶ್ಚರ್ಯವಾಗುತ್ತದೆ. ಹೊಲಿಗೆಯ ಬಗೆಗಳು, ನೇರ ಸೂಜಿ, ಡೊಂಕು ಸೂಜಿ, ನಾರು, ಕೂದಲು ಎಲ್ಲಾ ಅದರಲ್ಲಿದೆ. ಹೊಟ್ಟೆ ಸೀಳಿ ಕರುಳು ಹೊರಗೆ ಬಂದಿದ್ದರೆ ಹಾಲಿನಿಂದ ತೊಳೆದು ತುಪ್ಪ ಸವರಿ ಒಳಗೆ ಸೇರಿಸಬೇಕು ಅನ್ನುವುದೂ ಇದೆ. ಓದಲು ಚಂದ. ನೀವು ಮಾತ್ರ ಆ ಪ್ರಯತ್ನ ಮಾಡಬೇಡಿ. ಹೊರಗೆ ಬಂದದ್ದನ್ನು ಒಳಗೆ ತಳ್ಳದೆ, ಶುದ್ಧ ಒದ್ದೆ ಬಟ್ಟೆ ಮುಚ್ಚಿ, ಮಂಡಿ ಮಡಚಿ ಮಲಗಿಸಿ ಒಯ್ಯಿರಿ.

ರಕ್ತ ನಿಂತಿತು ಅಂತ ಸುಮ್ಮನಾಗಬೇಡಿ. ಬೆರಳು ಮಡಚಲು ಆಗುತ್ತದಾ, ತುದಿ ಜೋಮು ಹಿಡಿದಿದೆಯಾ ಕೇಳಿ. ನರ, ಸ್ನಾಯುರಜ್ಜು ಕತ್ತರಿಸಿದ್ದರೆ ಬೇಗ ಹೊಲಿಸಿದಷ್ಟೂ ಕೈ ಉಳಿಯುತ್ತದೆ.

ಪೊಲೀಸ್ ಕೇಸ್ ಆಗತದೇನ್ರಿ?

ಈ ಹೆದರಿಕೆಯಿಂದಲೇ ಎಷ್ಟೋ ಮಂದಿ ತಡ ಮಾಡುತ್ತಾರೆ, ಇಲ್ಲವೇ "ಕೆಮ್ಮಿನ ಔಷಧ ಅಂತ ತಪ್ಪಿ ಕುಡಿದ" ಅಂತ ಸುಳ್ಳು ಹೇಳುತ್ತಾರೆ. ಹೆದರಿಕೆಗೆ ಆಧಾರ ಇತ್ತು. 1860ರ ದಂಡ ಸಂಹಿತೆಯ 309ನೇ ಕಲಮಿನ ಪ್ರಕಾರ ಸಾಯಲು ಹೋಗಿ ಉಳಿದವರಿಗೆ ಒಂದು ವರ್ಷದ ತನಕ ಜೈಲು. 1994ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೆಗೆದುಹಾಕಿತು, 1996ರಲ್ಲಿ ದೊಡ್ಡ ಪೀಠ ಮತ್ತೆ ಊರ್ಜಿತ ಮಾಡಿತು. ಬದಲಾವಣೆ ಬಂದದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆಯಿಂದ. 2018ರ ಮೇ 29ರಿಂದ ಅದು ಜಾರಿಯಲ್ಲಿದೆ. ಅದರ 115ನೇ ಕಲಮಿನ ಪ್ರಕಾರ, ಇಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಬೇರೆ ರೀತಿ ಸಾಬೀತಾಗದಿದ್ದರೆ ವಿಚಾರಣೆ, ಶಿಕ್ಷೆ ಇಲ್ಲ, ಆರೈಕೆ ಕೊಡುವುದು ಸರ್ಕಾರದ ಕೆಲಸ. 2024ರ ಜುಲೈ 1ಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರನ ಕೆಲಸ ತಡೆಯಲು ಹೀಗೆ ಮಾಡಿದರೆ ಮಾತ್ರ ಬೇರೆ ಕಲಂ ಇದೆ.

ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್ ದಾಖಲೆ) ಬರೆಯುತ್ತಾರೆ, ಪೊಲೀಸರು ಬಂದು ಹೇಳಿಕೆ ಪಡೆಯುತ್ತಾರೆ. ಅದು ಮಾಮೂಲಿ ಕ್ರಮ. "ಮೊದಲು ಪೊಲೀಸರಿಂದ ಚೀಟಿ ತನ್ನಿ" ಅಂತ ಯಾರಾದರೂ ಹೊರಗೆ ನಿಲ್ಲಿಸಿದರೆ, ಸರ್ಕಾರಿ ಇರಲಿ ಖಾಸಗಿ ಇರಲಿ ಜೀವ ಉಳಿಸುವ ಚಿಕಿತ್ಸೆ ಮೊದಲು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ ಅಂತ ತಿಳಿಸಿ. ಡಾಕ್ಟರಿಗೆ ಮಾತ್ರ ಸುಳ್ಳು ಹೇಳಬೇಡಿ, ಏನು, ಎಷ್ಟು, ಯಾವಾಗ ಅನ್ನುವುದರ ಮೇಲೆ ಔಷಧ ನಿಂತಿರುತ್ತದೆ.

ಮನೆಗೆ ಬಂದ ಮೇಲೆ

ಗಾಯ ಮಾಯುತ್ತದೆ, ಆದರೆ ಹಳೇ ವೈದ್ಯಪದ್ಧತಿ ಅಲ್ಲಿಗೇ ಕೈತೊಳೆದುಕೊಳ್ಳುತ್ತಿತ್ತು. ಡಿಸ್ಚಾರ್ಜ್ ಮಾಡುವ ಮುಂಚೆ ಮನೋವೈದ್ಯರಿಗೆ ತೋರಿಸಿ ಅಂತ ನೀವೇ ಕೇಳಿ. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮದೇ ಕಡೆಯ ಬಳ್ಳಾರಿಯಲ್ಲಿ, ಆಮೇಲೆ ಅದು ದೇಶಕ್ಕೇ ಮಾದರಿಯಾಯಿತು. ಕಲಬುರಗಿ, ಬೀದರ್, ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಆ ವಿಭಾಗ ತೋರಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ಊರುಗಳಲ್ಲಿ ಒಂದು ಸರಳ ಕೆಲಸ ಮಾಡಿ ನೋಡಿತು. ಉಳಿದು ಬಂದವರ ಜೊತೆ ಒಂದು ತಾಸು ಕೂತು ಮಾತಾಡುವುದು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಹೋಗಿಯೋ ವಿಚಾರಿಸುವುದು. ಅಷ್ಟೇ. 2008ರಲ್ಲಿ ಬಂದ ಫಲಿತಾಂಶದಲ್ಲಿ ಹೀಗೆ ವಿಚಾರಿಸಿಕೊಂಡವರಲ್ಲಿ ಆತ್ಮಹತ್ಯೆಯ ಸಾವು ಬಹಳ ಕಡಿಮೆ ಇತ್ತು. ಹಾಗಾಗಿ ವಾರ್ಡಿಗೆ ಇಪ್ಪತ್ತು ಮಂದಿ ಹೋಗಿ "ಯಾಕ್ ಹಿಂಗ ಮಾಡ್ಕೊಂಡಿಯೋ" ಅಂತ ಎಲ್ಲರೆದುರು ಕೇಳುವ ಬದಲು, ಅವರಿಗೆ ಹಿಡಿಸುವ ಒಬ್ಬರು ತಿಂಗಳುಗಟ್ಟಲೆ ಬಿಡದೆ ಮಾತಾಡಿಸಲಿ. ಮತ್ತೆ ಹಾಗೆ ಅನ್ನಿಸುತ್ತಿದೆಯಾ ಅಂತ ನೇರ ಕೇಳಿ. ಕೇಳಿದರೆ ನೆನಪಾಗಿ ಮತ್ತೆ ಮಾಡಿಕೊಳ್ಳುತ್ತಾರೆ ಅನ್ನುವುದು ಸುಳ್ಳು. ಸಾಲದ ವಿಷಯವಾದರೆ ಕೊಟ್ಟವನನ್ನು ಆಸ್ಪತ್ರೆ ಹತ್ತಿರ ಬಿಡಬೇಡಿ, ಆ ಮಾತನ್ನು ಮನೆಯ ಹಿರಿಯರು ಬೇರೆ ಕಡೆ ಕೂತು ಆಡಲಿ.

ಉಳಿದ ಎಣ್ಣಿ ಬಾಟಲಿ? ಪೆಟ್ಟಿಗೆಗೆ ಬೀಗ ಹಾಕಿದರೆ ಸಾಕು ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಶ್ರೀಲಂಕಾದ ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಹಂಚಿ ನೋಡಿದರು, 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಅದರಿಂದ ವ್ಯತ್ಯಾಸ ಆಗಲಿಲ್ಲ. ಹಾಗಾಗಿ ಮನೆಯಲ್ಲಿ ಇಡದಿರುವುದೇ ವಾಸಿ. ಒಂದು ಸಲದ ಹೊಡೆತಕ್ಕೆ ಎಷ್ಟು ಬೇಕೋ ಅಷ್ಟೇ ತನ್ನಿ, ದೊಡ್ಡ ಬಾಟಲಿ ಅಗ್ಗ ಅಂತ ತರಬೇಡಿ. ಉಳಿದಿದ್ದರೆ, ಅವರು ಆಸ್ಪತ್ರೆಯಿಂದ ಬರುವ ಮುಂಚೆಯೇ ಅದನ್ನು ಬೇರೆಯವರ ವಶಕ್ಕೆ ಕೊಟ್ಟು ಬನ್ನಿ. ಮನೆಯ ಗುಳಿಗೆಗಳನ್ನೂ ಒಬ್ಬರೇ ಇಟ್ಟುಕೊಂಡು, ದಿನದ್ದು ದಿನ ಕೈಗೆ ಕೊಡಿ.